ಇನ್ನೂ ಸಾಯ್ಲಿಲ್ವಾ ಮಾರಾಯ?

ಎದೆಗೆ ಸ್ಟೆಂಟ್ ಹಾಕಿಸಿಕೊಂಡು ಆಗಷ್ಟೇ ಓಡಾಡತೊಡಗಿದ್ದ ಹಿರಿಯರೊಬ್ಬರಿಗೆ, ಮುಖಪರಿಚಯವೂ ಇಲ್ಲದ ನಾನು, "ಇನ್ನೂ ಸಾಯ್ಲಿಲ್ವಾ ಮಾರಾಯ?" ಎಂದು ಫೋನಿನಲ್ಲಿ ಕೇಳಿದ್ದೇನೆ. ಉತ್ತರ ಬರಲಿಲ್ಲವೆಂದು ಇನ್ನೂ ಎರಡು ಸಲ ಕೇಳಿದ್ದೇನೆ. ಕೊನೆಯ ಸಲ, ನೆಟ್‌ವರ್ಕ್ ಸರಿಯಿಲ್ಲವೇನೋ ಎಂದು, ಸ್ವಲ್ಪ ಜೋರಾಗಿಯೇ.

ಪ್ರಶ್ನೆ ಅವರಿಗಲ್ಲ, ನನ್ನ ಗೆಳೆಯ ಲೋಕೇಶನಿಗೆ. ನಾವಿಬ್ಬರೂ ಸುಳ್ಯದಲ್ಲಿ ಕಂಪ್ಯೂಟರ್ ಡಿಪ್ಲೊಮಾ ಮಾಡಿದವರು. ನಾನೀಗ ಪುತ್ತೂರಿನಲ್ಲಿ ಕಂಪ್ಯೂಟರ್ ರಿಪೇರಿ ಮಾಡುತ್ತೇನೆ, ಅಂದರೆ ಆಫ್ ಮಾಡಿ ಆನ್ ಮಾಡುತ್ತೇನೆ. ಲೋಕೇಶ ಕಡಬದಲ್ಲಿ ಪೈಪು, ಮೊಳೆ, ಪೈಂಟು ಮಾರುತ್ತಾನೆ. ನಮ್ಮ ಕ್ಲಾಸಿನಲ್ಲಿ ಹಾರ್ಡ್‌ವೇರ್ ಲೈನಿನಲ್ಲಿ ಗಟ್ಟಿಯಾಗಿ ನಿಂತವನು ಅವನೊಬ್ಬನೇ. ಅಷ್ಟು ವರ್ಷ ಓದಿದ್ದರಲ್ಲಿ ನಮ್ಮ ತಲೆಯಲ್ಲಿ ಉಳಿದದ್ದು ಒಂದೇ ಪಾಠ. ಎರಡು ಕಂಪ್ಯೂಟರುಗಳು ನೆಟ್ಟಿನಲ್ಲಿ ಮಾತು ಶುರುಮಾಡುವ ಮೊದಲು ಮರ್ಯಾದೆಯಾಗಿ ವಿಚಾರಿಸಿಕೊಳ್ಳುತ್ತವಂತೆ. ಒಂದು "ಇದ್ದೀಯಾ?" ಅನ್ನುತ್ತದೆ. ಇನ್ನೊಂದು "ಇದ್ದೇನೆ, ನೀನು?" ಅನ್ನುತ್ತದೆ. ಮೊದಲನೆಯದು "ನಾನೂ ಇದ್ದೇನೆ" ಎಂದ ಮೇಲೆಯೇ ಮುಂದಿನ ಮಾತು. ಇದಕ್ಕೆ ತ್ರೀ ವೇ ಹ್ಯಾಂಡ್‌ಶೇಕ್ ಎಂದು ಹೆಸರು. ನಾವು ಅದನ್ನು ನಮ್ಮ ಊರಿನ ನಾಲಿಗೆಗೆ ಹೊಂದಿಸಿಕೊಂಡೆವು. "ಇನ್ನೂ ಸಾಯ್ಲಿಲ್ವಾ ಮಾರಾಯ?" "ಇಲ್ಲ. ನೀನು?" "ನಾನೂ ಇಲ್ಲ." ಇಷ್ಟಾಗದೆ ನಮ್ಮಲ್ಲಿ ಮಾತಿಲ್ಲ. ಪುತ್ತೂರು ಬಸ್‌ಸ್ಟ್ಯಾಂಡಿನ ಈಚೆ ಬದಿಯಿಂದ ಆಚೆ ಬದಿಗೆ ಇದನ್ನು ಕೂಗಿ ಹೇಳಿ, ನಡುವೆ ನಿಂತಿದ್ದ ಅಜ್ಜಂದಿರಿಂದ ಬೈಗುಳ ತಿಂದಿದ್ದೇವೆ.

ಆ ಭಾನುವಾರ ಲೋಕೇಶನ ಮದುವೆ ಮಾತು. ಕಬಕದ ಹುಡುಗಿ ಒಪ್ಪಿದ್ದಳು, ಅವಳ ಅಪ್ಪ ಒಮ್ಮೆ ಮನೆ ನೋಡಿ ಹೂಂ ಅನ್ನಬೇಕಿತ್ತು. ಹಿಂದೆ ಬಂದ ಸಂಬಂಧಗಳೆಲ್ಲ ಹೀಗೆ ಮನೆ ನೋಡಿದ ಮೇಲೆಯೇ ತಪ್ಪಿಹೋಗಿದ್ದರಿಂದ ಲೋಕೇಶ ಊಟ ಬಿಟ್ಟಿದ್ದ. ಹೊಸ ಕಾರಿನಲ್ಲಿ ತಾನೇ ಹೋಗಿ ಅವರನ್ನು ಕರೆತರುತ್ತಿದ್ದ. ನನಗೆ ಅದು ಗೊತ್ತಿಲ್ಲ. ಅವನ ಫೋನು ಕಾರಿನ ಸ್ಪೀಕರಿಗೆ ಸೇರಿಕೊಂಡಿದೆಯೆಂದಂತೂ ಗೊತ್ತೇ ಇಲ್ಲ. ಧೈರ್ಯ ಹೇಳೋಣವೆಂದು ಫೋನು ಮಾಡಿದೆ.

ಉತ್ತರ ಬಾರದಿದ್ದರೆ ಕಂಪ್ಯೂಟರ್ ಮುನಿಸಿಕೊಳ್ಳುವುದಿಲ್ಲ. ಸ್ವಲ್ಪ ಕಾದು ಮತ್ತೆ ಕೇಳುತ್ತದೆ, ಆಮೇಲೆ ಅದರ ಎರಡರಷ್ಟು ಹೊತ್ತು ಕಾದು ಮತ್ತೆ ಕೇಳುತ್ತದೆ. ನಾನೂ ಹಾಗೆಯೇ ಮಾಡಿದೆ. ಅತ್ತ ಕಾರು ಓಡಿಸುತ್ತಿದ್ದ ಲೋಕೇಶ ನನ್ನ ಬಾಯಿ ಮುಚ್ಚಿಸಲು ಯಾವುದೋ ಬಟನ್ ಒತ್ತಿದನಂತೆ. ಸ್ವರ ಇನ್ನೂ ಜೋರಾಯಿತಂತೆ.

ಕೊನೆಗೆ ಒಂದು ದಪ್ಪ ಸ್ವರ ಬಂತು. "ಇಲ್ಲ ಮಾರಾಯ. ನೀನು?"

ಇವನಿಗೆ ಶೀತವಾಗಿರಬೇಕು ಅಂದುಕೊಂಡೆ. "ನಾನೂ ಇಲ್ಲ" ಅಂದೆ. ಸಂಪರ್ಕ ಕೂಡಿತು. ಇನ್ನು ಮಾತಾಡದಿದ್ದರೆ ಹೇಗೆ?

"ಆ ಮುದುಕರು ಬಂದ್ರಾ? ಗೋಡೆ ಬಿರುಕಿಗೆ ಕ್ಯಾಲೆಂಡರ್ ಹಾಕಿದ್ದಿಯಲ್ಲ?"

"ದಾರಿಯಲ್ಲಿದ್ದಾರೆ. ಯಾವ ಗೋಡೆ?"

"ಚಾವಡಿದು ಮಾರಾಯ, ಟಿವಿ ಹತ್ತಿರದ್ದು. ನೀನೇ ತೋರಿಸಿದ್ದಲ್ವಾ?"

ಆಗ ದೂರದಿಂದ "ಪ್ರಶಾಂತಾ..." ಎಂದು ನನ್ನ ಹೆಸರು ಕೂಗುವ ಆರ್ತನಾದ ಕೇಳಿಸಿತು. ಅದು ಲೋಕೇಶನದ್ದು. ಹಾಗಾದರೆ ಇಷ್ಟು ಹೊತ್ತು ಮಾತಾಡಿದ್ದು ಯಾರು ಎಂದು ನನಗೆ ಹೊಳೆಯುವಷ್ಟರಲ್ಲಿ ಫೋನು ಕಟ್ಟಾಯಿತು. ನಾನು ಅಂಗಡಿಯ ಅರ್ಧ ಶಟರ್ ಎಳೆದು ಒಳಗೆ ಕೂತೆ.

ಸಂಜೆ ಲೋಕೇಶನ ಫೋನು ಬಂತು. ಸಾಯಲಿಲ್ಲವಾ ಎಂದು ಕೇಳಲೇ ಇಲ್ಲ.

"ಮಾವ ಮನೆಗೆ ಬಂದವರೇ ಸೀದಾ ಟಿವಿ ಹತ್ತಿರ ಹೋದ್ರು. ಕ್ಯಾಲೆಂಡರ್ ಎತ್ತಿ ನೋಡಿದ್ರು. ಇಳಿಸಿ, ಕಾಫಿ ಕುಡಿದ್ರು."

"ಮತ್ತೆ?"

"ಒಪ್ಪಿದ್ರು."

"ನನ್ನ ವಿಷಯ ಎಂತ ಹೇಳಿದ್ರು?"

"'ಆಪರೇಷನ್ ಆದ ಮೇಲೆ ಊರಿಡೀ ನನ್ನನ್ನು ನೋಡ್ಲಿಕ್ಕೆ ಬಂತು. ಎಲ್ಲರಿಗೂ ಕೇಳ್ಲಿಕ್ಕೆ ಇದ್ದದ್ದು ಅದೇ ಪ್ರಶ್ನೆ. ಕೇಳದೆ ಮುಸುಂಬಿ ಕೊಟ್ಟು ಹೋದ್ರು. ಬಾಯಿಬಿಟ್ಟು ಕೇಳಿದವ ನಿನ್ನ ದೋಸ್ತಿ ಒಬ್ಬ. ಮದುವೆಗೆ ಅವನನ್ನು ಕರಿ. ಮೈಕಿನ ಹತ್ತಿರ ಮಾತ್ರ ಬಿಡ್ಬೇಡ' ಅಂದ್ರು."