ಗೋಡೆಯ ಮೇಲಿನ ವರಸೆ

ಎಲ್ಲಕ್ಕೂ ಮೂಲ ಒಂದು ಇದ್ದಿಲ ಚೂರು. ೧೯೭೮ರ ಒಂದು ಭಾನುವಾರ ಬೆಳಿಗ್ಗೆ ವಕ್ಕಲೇರಿಯ ಮೇಷ್ಟ್ರು ಕೋದಂಡರಾಮಪ್ಪ ಅದನ್ನು ಹಿಡಿದು, ದೊಡ್ಡಮುನಿಯಪ್ಪನ ರೇಷ್ಮೆಹುಳು ಮನೆಯ ಬಿಳಿ ಗೋಡೆಯ ಮೇಲೆ ತನ್ನ ನಾಟಕದ ನಕ್ಷೆ ಬರೆದ. ಯಾರು ಯಾರಿಗೆ ಅಣ್ಣ, ಯಾರಿಗೆ ಭಾವ, ಯಾರಿಗೆ ಶತ್ರು, ಎಲ್ಲಕ್ಕೂ ಗೆರೆ. ಪಾತ್ರಗಳ ಹೆಸರು ನಟರಿಗೆ ನೆನಪಿರದ ಕಾರಣ ನಟರ ಹೆಸರನ್ನೇ ಬರೆದಿದ್ದ. ತಪ್ಪಾಗಿದ್ದು ಅಲ್ಲೇ.

ಈ ನಾಟಕ ಗೆದ್ದರೆ ದೊಡ್ಡಮುನಿಯಪ್ಪನ ಮಗಳು ಅನಸೂಯಳನ್ನು ಮದುವೆಗೆ ಕೇಳಬೇಕೆಂದು ಅವನು ನಿರ್ಧರಿಸಿದ್ದ. ಅವಳೂ ಇವನನ್ನು ಕಂಡಾಗಲೆಲ್ಲ ಸುಮ್ಮಸುಮ್ಮನೆ ನಗುತ್ತಿದ್ದಳು. ಆದ್ದರಿಂದ ಪ್ರಾಣ ಹೋದರೂ ನಾಟಕ ನಿಲ್ಲುವಂತಿರಲಿಲ್ಲ.

ಮೊದಲು ಬಂದವನು ಖಳನಾಯಕ ಸೊಣ್ಣಪ್ಪ. "ಏನ್ ಮೇಷ್ಟ್ರೇ, ನಾನು ಆವಲಪ್ಪನ್ನ ಭಾವ ಅನ್ಬೇಕಾ? ಅವ್ನು ನಂಗೆ ಮಗನ ವರಸೆ! ವರಸೆ ತಪ್ಪಿ ಕರದ್ರೆ ನಮ್ಮವ್ವ ಮುದ್ದೆ ಇಕ್ಕಲ್ಲ."

"ನಾಟಕ ಕಣಯ್ಯಾ!"

"ನಾಟಕಾನೇ ಆಗ್ಲಿ, ಬಾಯಿ ನಂದೇ ಅಲ್ವಾ?"

ಕೋದಂಡರಾಮಪ್ಪ ಹಲ್ಲು ಕಚ್ಚಿ ಗೆರೆ ಒರೆಸಿ, ಸೊಣ್ಣಪ್ಪನನ್ನು ನಾಯಕನ ಅಪ್ಪನನ್ನಾಗಿ ಮಾಡಿದ. ನಾಯಕನ ಪಾತ್ರದ ಆವಲಪ್ಪನಿಗಿಂತ ಸೊಣ್ಣಪ್ಪ ಎರಡು ವರ್ಷ ಚಿಕ್ಕವನು. ಇರಲಿ, ಬಿಳಿ ಮೀಸೆ ಅಂಟಿಸಿದರಾಯಿತು.

ಅಷ್ಟರಲ್ಲಿ ನಾಯಕಿಯ ಪಾತ್ರದ ಸುಬ್ಬರಾಯಪ್ಪ ಓಡಿ ಬಂದ. "ಆವಲಪ್ಪ ನಂಗೆ ಅಣ್ಣನಾಗ್ಬೇಕು. ಅವನ ಹೆಂಡ್ತಿ ಆಗೋದಾ? ಥೂ!"

ಆವಲಪ್ಪನಿಗೆ ಹೆಣ್ಣು ಕೊಡಬಹುದಾದ ವರಸೆಯವನು ನಟರಲ್ಲಿ ಕದಿರಪ್ಪ ಒಬ್ಬನೇ. ಅವನ ಮೀಸೆಯೋ ಪೊರಕೆಯಂತಿತ್ತು, ನಾಯಕಿಯಾಗಲು ಒಪ್ಪಿದರೂ ಅದನ್ನು ಬೋಳಿಸಲು ಅವನು ಸುತರಾಂ ಒಪ್ಪಲಿಲ್ಲ. "ಸೆರಗು ಮುಚ್ಕೊಂಡೇ ಅಳು," ಎಂದ ಕೋದಂಡರಾಮಪ್ಪ. ಇದ್ದಿಲು ಸವೆಯಿತು, ಪಂಚೆ ಕಪ್ಪಾಯಿತು, ಮೇಷ್ಟ್ರ ಹಟ ಮಾತ್ರ ಸವೆಯಲಿಲ್ಲ.

ಸಂಜೆಗೆ ಎಲ್ಲ ಗೆರೆಗಳೂ ಕೂಡಿಬಂದವು. ಉಳಿದದ್ದು ನಾಯಕಿಯ ಅಣ್ಣನ ಪಾತ್ರ ಒಂದೇ. "ಅದನ್ನ ನಾನೇ ಮಾಡ್ತೀನಿ," ಎಂದು ಕೋದಂಡರಾಮಪ್ಪ ತನ್ನ ಹೆಸರನ್ನೂ ಗೋಡೆಗೇರಿಸಿದ.

ದೊಡ್ಡಮುನಿಯಪ್ಪನ ತಾಯಿ ಅಕ್ಕಯಮ್ಮ ಜಗಲಿಯಿಂದ ಎದ್ದು ಬಂದಳು. ಸುತ್ತಲ ಹಳ್ಳಿಗಳ ವರಸೆಯೆಲ್ಲ ಆಕೆಯ ನಾಲಿಗೆ ತುದಿಯಲ್ಲಿತ್ತು. "ಎಲ್ರದ್ದೂ ನೋಡ್ದೆ, ನಿಂದು ನೋಡ್ಬೇಡ್ವಾ? ನಿಮ್ಮಮ್ಮನ ತವರು ಯಾವ್ದಪ್ಪಾ?"

"ನಾನು ಎಳೆಮಗು ಇದ್ದಾಗ್ಲೇ ಅಮ್ಮ ಹೋದ್ರು ಅಜ್ಜಿ. ತವರು ಶಿವಾರಪಟ್ಟಣ. ತಾತನ ಹೆಸ್ರು ಅಪ್ಪಾಜಪ್ಪ." ಹುಡುಗಿಯ ಮನೆಯವರು ಕುಲಗೋತ್ರ ಕೇಳುತ್ತಿದ್ದಾರೆಂದು ಅವನ ಎದೆ ಉಬ್ಬಿತು.

"ಅಯ್ಯೋ ರಾಮಾ! ನನ್ನ ಸೊಸೆ ಆವಲಮ್ಮನ ದೊಡ್ಡಪ್ಪ ಅಲ್ವೇನೋ ಆ ಅಪ್ಪಾಜಪ್ಪ! ಅಂದ್ರೆ ನಿಮ್ಮಮ್ಮ, ಅನಸೂಯನ ಅಮ್ಮ ಅಕ್ಕತಂಗೀರು. ನೀನು ನಮ್ಮನೆ ಮಗ ಕಣೋ! ಅನಸೂಯಾ, ಬಾರೇ, ನಿಮ್ಮಣ್ಣ ಸಿಕ್ದ!"

ಕೋದಂಡರಾಮಪ್ಪನ ಕೈಯಿಂದ ಇದ್ದಿಲು ಬಿತ್ತು. ಒಳಗಿನಿಂದ ಕಾಫಿ ತಂದ ಅನಸೂಯ ಅವನ ಮುಖ ನೋಡಿ ಎಂದಿನಂತೆಯೇ ನಕ್ಕಳು. "ನಂಗೆ ಮೊದ್ಲಿಂದ್ಲೂ ಹಂಗೇ ಅನ್ನಿಸ್ತಿತ್ತು ಕಣಣ್ಣಾ."

ದೊಡ್ಡಮುನಿಯಪ್ಪನ ಕಣ್ಣು ಗೋಡೆಯ ಮೇಲೇ ಇತ್ತು. "ಅವ್ವಾ, ನಾವು ಗಂಡಿಗೋಸ್ಕರ ಮಾಲೂರು, ಶ್ರೀನಿವಾಸಪುರ ಎಲ್ಲಾ ಅಲದ್ವಿ. ಇಲ್ನೋಡು, ಗೋಡೇಲೂ ಮೇಷ್ಟ್ರ ತಂಗೀಗೆ ಆವಲಪ್ಪನೇ ಗಂಡ. ಅವ್ನು ನಿನ್ನ ತಮ್ಮನ ಮೊಮ್ಮಗ. ವರಸೆ ಎಷ್ಟು ಸರಿಯಾಗಿ ಅದೆ! ಕಣ್ಮುಂದೆ ಇದ್ದೋನು ಕಾಣ್ಲೇ ಇಲ್ವಲ್ಲಾ!"

ಅಕ್ಕಯಮ್ಮ ತಲೆಯಾಡಿಸಿದಳು. ಅನಸೂಯ ತಲೆ ತಗ್ಗಿಸಿದಳು. ಅಲ್ಲಿಗೆ ಮಾತು ಮುಗಿಯಿತು.

ದೊಡ್ಡಮುನಿಯಪ್ಪ ಮೇಷ್ಟ್ರನ್ನು ಬಾಚಿ ತಬ್ಬಿಕೊಂಡ. "ದೇವ್ರಂಗೆ ಬಂದೆ ಕಣೋ ಮಗನೇ! ಮದ್ವೇಲಿ ಗಂಡಿನ ಕಾಲು ತೊಳ್ಯೋಕೆ ಇವ್ಳಿಗೊಬ್ಬ ಅಣ್ಣ ಇಲ್ವಲ್ಲಾ ಅಂತ ಕೊರಗ್ತಿದ್ದೆ."

ನಟರ ಗುಂಪಿನಲ್ಲಿ ನಿಂತಿದ್ದ ಆವಲಪ್ಪ ಆಗಲೇ ನಾಚಿಕೊಂಡು ತನ್ನ ಕಾಲಿನ ಕೆಸರು ನೋಡಿಕೊಳ್ಳುತ್ತಿದ್ದ.