ಪಂಚಾಕ್ಷರಯ್ಯನವರ ವಂದನಾರ್ಪಣೆ

ಹೆಡ್ ಮಾಸ್ತರರ ನಿವೃತ್ತಿ ಸಮಾರಂಭದ ದಿನ ಬೆಳಿಗ್ಗೆಯೇ ಪಂಚಾಕ್ಷರಯ್ಯ ಮೇಷ್ಟರ ಗಂಟಲು ಕಟ್ಟಿಕೊಂಡಿತು. ಹೆಂಡತಿಯನ್ನು 'ರುದ್ರಾಣಿ' ಎಂದು ಕರೆಯಹೋದರೆ ತೂತಾದ ತಿದಿಯಂತೆ ಬರೀ ಗಾಳಿ ಬಂತು.

ಸಂಜೆಯ ವಂದನಾರ್ಪಣೆ ಅವರದೇ. ಕಾಡಿ ಬೇಡಿ ಪಡೆದುಕೊಂಡದ್ದು. ದಿಕ್ಕಿಲ್ಲದೆ ಚಾಮರಾಜಪೇಟೆಗೆ ಬಂದವನಿಗೆ ಕೆಲಸ ಕೊಟ್ಟು, ಮೊದಲ ಸಂಬಳದವರೆಗೆ ತಮ್ಮ ಮನೆಯಲ್ಲೇ ಊಟ ಹಾಕಿದ ಪುಣ್ಯಾತ್ಮರು ಆ ಹೆಡ್ ಮಾಸ್ತರರು. ಆ ಉಪಕಾರವನ್ನು ಒಮ್ಮೆಯಾದರೂ ನಾಲ್ಕು ಜನರ ಎದುರು ಬಾಯಿಬಿಟ್ಟು ಹೇಳಬೇಕೆಂದು ಅವರ ಆಸೆ. ಈಗ ಬಾಯಿ ಇತ್ತು, ದನಿ ಇರಲಿಲ್ಲ.

ವಠಾರದಲ್ಲಿ ಇಂಥ ಸುದ್ದಿ ಅಡಗೀತೆ? ಪಕ್ಕದ ಮನೆಯ ಅಂಬುಜಮ್ಮ ಶುಂಠಿ, ಮೆಣಸು ಕುಟ್ಟಿ ಕುದಿಸಿದ ಕಷಾಯ ತಂದರು.

"ಒಂದೇ ಗುಟುಕಿಗೆ ಕುಡಿದ್ಬಿಡಿ ಮೇಷ್ಟ್ರೇ."

ಮೇಷ್ಟ್ರು ಕುಡಿದರು. ಕಿವಿಯಲ್ಲಿ ಹೊಗೆ ಬಂದಂತಾಯಿತು.

ಆಕೆ ಅತ್ತ ಹೋಗುತ್ತಲೇ ಎದುರುಮನೆಯ ಬಸವಮ್ಮ ಇತ್ತ ಬಂದರು. ದೊಡ್ಡಪತ್ರೆ ಎಲೆ ಬಾಡಿಸಿ ಹಿಂಡಿದ ರಸ, ಮೇಲೆ ಜೇನುತುಪ್ಪ. ಈಗಷ್ಟೇ ಒಂದು ಔಷಧಿ ಆಯಿತೆಂದು ಮೇಷ್ಟ್ರು ಕೈಯಾಡಿಸಿದರು.

"ಇನ್ನೊಂಚೂರು ಬೇಕಾ? ಸಂಕೋಚ ಯಾಕೆ, ತಗೊಳ್ಳಿ!" ಎಂದು ಬಸವಮ್ಮ ಬಟ್ಟಲು ತುಂಬಿಸಿದರು.

ಮೂರನೆಯವಳು ಹಿತ್ತಲಮನೆಯ ಮುನಿಯಕ್ಕ. ಅವಳದು ಆಡುಸೋಗೆ ಸೊಪ್ಪಿನ ಕಷಾಯ. ಅದರ ಕಹಿಯ ಮುಂದೆ ಹಾಗಲಕಾಯಿಯೂ ಪಾಯಸ. ಬಿಟ್ಟುಬಿಡು ತಾಯಿ ಎಂಬಂತೆ ಮೇಷ್ಟ್ರು ಕೈಮುಗಿದರು.

"ಅಯ್ಯೋ, ಕೈಯ್ಯೆಲ್ಲಾ ಮುಗೀಬ್ಯಾಡ ಕಣಪ್ಪ, ನೀನು ನನ್ನ ಮಗ ಇದ್ದಂಗೆ," ಎಂದು ಕರಗಿದ ಮುನಿಯಕ್ಕ ಗಲ್ಲ ಹಿಡಿದು ಹುಯ್ದೇಬಿಟ್ಟಳು. ಯಾರ ಮುನಿಸೂ ಬೇಡವೆಂದು ರುದ್ರಾಣಿ ತುಟಿ ಬಿಚ್ಚಲಿಲ್ಲ.

ಮಧ್ಯಾಹ್ನ ಬೆವರಿ, ಮಲಗಿ, ಎದ್ದವರು "ರುದ್ರಾಣಿ!" ಎಂದರೆ ಖಣಿಲೆಂದಿತು ದನಿ. ಮೇಷ್ಟ್ರ ಕಣ್ಣು ತುಂಬಿತು. ಹೆತ್ತವರಲ್ಲ, ನೆಂಟರಲ್ಲ, ಎಂಥ ಜನ ಇವರು!

ಸಮಾರಂಭದಲ್ಲಿ ಅವರು ಮಾತಾಡಿದ ರೀತಿಗೆ ಹೆಡ್ ಮಾಸ್ತರರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಹಿಂದಿನ ಬೆಂಚಿನಲ್ಲಿ ವಠಾರದ ಹೆಂಗಸರೂ ಕೂತಿದ್ದರು. ಅವರನ್ನು ಕಂಡು ಮೇಷ್ಟರಿಗೆ ಉಕ್ಕಿ ಬಂತು.

"ಈ ದನಿ ನನ್ನದಲ್ಲ. ನಮ್ಮ ವಠಾರದ ಒಬ್ಬ ಮಹಾತಾಯಿ ಔಷಧಿ ಕೊಟ್ಟರು..."

ಇನ್ನೊಬ್ಬ ತಾಯಿ ಎನ್ನುವಷ್ಟರಲ್ಲಿ, ಹೊತ್ತಾಯಿತೆಂದು ಅಧ್ಯಕ್ಷರು ಗಂಟೆ ಬಾರಿಸಿದರು. ಹಿಂದಿನ ಬೆಂಚಿನಲ್ಲಿ ಮೂವರೂ ಸೆರಗು ಸರಿಮಾಡಿಕೊಂಡರು.

ಸಮಾರಂಭ ಮುಗಿಸಿ ಬರುತ್ತಲೇ ವಠಾರದ ಬಾಗಿಲಲ್ಲಿ ಜಗಳ ಹತ್ತಿತು.

"ನನ್ನ ಶುಂಠಿ ಕಷಾಯಾನೇ ಹೇಳಿದ್ದು!"

"ಹೋಗ್ರೀ, ನನ್ನ ದೊಡ್ಡಪತ್ರೆ!"

"ಯಾರದ್ದು ಅಂತ ನೀನೇ ಹೇಳಪ್ಪ," ಎಂದಳು ಮುನಿಯಕ್ಕ.

"ಮೂವರದ್ದೂ ತಾಯಿ. ಮೂರೂ ಕುಡಿದೆ. ನಿಮ್ಮೆಲ್ಲರ ಋಣ ನನ್ನ ಮೇಲಿದೆ," ಎಂದರು ಮೇಷ್ಟ್ರು ಮನಸಾರೆ.



"ಮೂರೂ ಕುಡಿದ್ರೆ ಯಾವುದು ಹಿಡೀತು ಅಂತ ಗೊತ್ತಾಗೋದು ಹೇಗೆ?" ಎಂದರು ಬಸವಮ್ಮ.

"ಒಂದೊಂದೇ ಕೊಟ್ಟು ನೋಡೋದಪ್ಪ," ಎಂದಳು ಮುನಿಯಕ್ಕ.

"ಅದಕ್ಕೆ ಮೊದ್ಲು ಗಂಟಲು ಕಟ್ಟಬೇಕಲ್ರೀ!" ಎಂದರು ಅಂಬುಜಮ್ಮ. ಮೂವರೂ ಒಟ್ಟಿಗೆ ಮೇಷ್ಟರ ಕುತ್ತಿಗೆಯತ್ತ ನೋಡಿದರು.

ಕಾಪಾಡೆಂದು ಮೇಷ್ಟ್ರು ಹೆಂಡತಿಯ ಕಡೆ ತಿರುಗಿದರು. ರುದ್ರಾಣಿ ಆಗಲೇ ಒಳಗೆ ಹೋಗಿ ನಿನ್ನೆಯ ಹುಳಿ ಮಜ್ಜಿಗೆಯನ್ನು ಚೆಂಬಿನ ತುಂಬ ತಂದಿದ್ದಳು.

"ಕುಡಿದು, ತಲೆಗೂ ಒಂದು ಬಿಂದಿಗೆ ತಣ್ಣೀರು ಹುಯ್ಕೊಂಡ್ಬಿಡಿ. ದಿನಾ ಬೆಳಗೆದ್ದು ನಲ್ಲಿ ಹತ್ರ ಇವರ ಜೊತೆ ನಿಲ್ಲೋಳು ನಾನು!"