ಮಂಡಿಪೇಟೆಯ ನಿದ್ದೆಗೆ ಸರ್ಕಾರಿ ಅನುದಾನ

ಸಂಶೋಧನೆಯಲ್ಲಿ ನನ್ನನ್ನು ಮೀರಿಸುವವರು ದಾವಣಗೆರೆಯಲ್ಲಿ ಯಾರೂ ಇಲ್ಲ ಎಂದು ನಾನು ಬಹಳ ವರ್ಷಗಳಿಂದ ನಂಬಿದ್ದೆ. ಈ ನಂಬಿಕೆಗೆ ಒಂದೇ ಕಾರಣ, ಅಲ್ಲಿಯವರೆಗೆ ನಾನು ಸಂಶೋಧನೆ ಮಾಡಿರಲಿಲ್ಲ.

ಹೀಗಿರುವಾಗ ನಾನು ಪಾಠ ಮಾಡುವ ಅರ್ಥಶಾಸ್ತ್ರ ವಿಭಾಗಕ್ಕೆ ಸರ್ಕಾರದ ಅನುದಾನ ಬಂತು. ವಿಷಯ: ‘ಸಗಟು ವರ್ತಕರ ಮಧ್ಯಾಹ್ನದ ನಿದ್ರೆ ಹಾಗೂ ಸಂಜೆಯ ವ್ಯಾಪಾರದ ಮೇಲೆ ಅದರ ಪರಿಣಾಮ’. ನಗಬೇಡಿ. ಅರ್ಜಿ ತುಂಬುವಾಗ ನಾನೂ ನಕ್ಕಿರಲಿಲ್ಲ. ಷರತ್ತು ಏನೆಂದರೆ, ಒಬ್ಬ ಸಂಶೋಧನಾ ವಿದ್ಯಾರ್ಥಿಗೆ ನಾನು ತರಬೇತಿ ಕೊಡಬೇಕು. ನಮ್ಮ ವರದಿಯನ್ನು ಪರಿಶೀಲನಾ ಸಮಿತಿ ಒಪ್ಪಿದರೆ ಆ ವಿದ್ಯಾರ್ಥಿಯ ಫೆಲೋಶಿಪ್ ಮುಂದುವರಿಯುತ್ತದೆ, ಒಪ್ಪದಿದ್ದರೆ ನಿಲ್ಲುತ್ತದೆ. ನನಗೆ ಸಿಕ್ಕವಳು ಹರಿಹರದ ತಬಸ್ಸುಮ್. ಬೀಗ ರಿಪೇರಿ ಮಾಡುವವರ ಮಗಳು. ಫೆಲೋಶಿಪ್ ನಿಂತರೆ ಅವಳ ಓದೂ ನಿಂತ ಹಾಗೆಯೇ.

‘ಹೆದರಬ್ಯಾಡಮ್ಮ, ನಾನಿದ್ದೀನಲ್ಲ’ ಎಂದೆ. ಹೆದರಬೇಕಾಗಿದ್ದು ಅದಕ್ಕೇ ಎಂದು ಪಾಪ ಅವಳಿಗೂ ಗೊತ್ತಿರಲಿಲ್ಲ.

ಹರಿಹರದ ಬಜಾರು ಅವಳಿಗೆ, ದಾವಣಗೆರೆಯ ಸಗಟು ಬೀದಿ ಮಂಡಿಪೇಟೆ ನನಗೆ ಎಂದು ಹಂಚಿಕೊಂಡೆವು. ಬೇಕಾದವರನ್ನು ಆರಿಸಿಕೊಂಡು ಕೇಳುವಂತಿಲ್ಲ, ಆದ್ದರಿಂದ ಸಾಲಿನಲ್ಲಿ ಪ್ರತಿ ಏಳನೆಯ ಅಂಗಡಿಗೆ ಮಾತ್ರ ಹೋಗುವುದು ಎಂದು ನಿಯಮ ಮಾಡಿದೆ.

‘ಸಾರ್, ನಡುವಿನ ಆರು ಅಂಗಡಿಯೋರು ಏನಂತಾರೆ?’ ಎಂದಳು ತಬಸ್ಸುಮ್.

‘ಏನೂ ಅನ್ನೋ ಹಂಗಿಲ್ಲ. ಇದು ವಿಜ್ಞಾನ.’

ಮನೆಯಲ್ಲಿ ಗಿರಿಜಾ ಇದನ್ನು ಕೇಳಿ ಸೌಟು ಕೆಳಗಿಟ್ಟಳು. ‘ಮಗಳ ಲಗ್ನಪತ್ರಿಕೆ ಹಂಚುವಾಗ ಒಂದು ಮನೆ ಬಿಟ್ಟಿದ್ದಕ್ಕೆ ಆ ಮನೆಯೋರು ಮೂರು ವರ್ಷ ಮಾತು ಬಿಟ್ಟಿದ್ರು. ನೀವು ಆರಾರು ಅಂಗಡಿ ಬಿಡ್ತೀರೇನ್ರಿ?’

ಹೆಂಡತಿಯ ಮಾತು ಕೇಳಿ ಸಂಶೋಧನೆ ಮಾಡಿದವರು ಎಲ್ಲಾದರೂ ಉಂಟೇ? ಹೊರಟೆ.

ಮಂಡಿಪೇಟೆಯ ಮೊದಲ ಅಂಗಡಿ ಬೆಲ್ಲದ ಕೊಟ್ರಪ್ಪನವರದು. ಮಗಳ ಮದುವೆಗೆ ಬೆಲ್ಲ ಬೇಳೆ ಬಂದದ್ದು ಅಲ್ಲಿಂದಲೇ. ‘ಬರ್ರಿ ಮೇಷ್ಟ್ರೇ, ಕೂಡ್ರಿ, ಚಾ ತರಿಸ್ತೀನಿ’ ಎಂದರು. ‘ನೀವು ಒಂದನೇ ಅಂಗಡಿ. ನನಗೆ ಬೇಕಾಗಿರೋದು ಏಳನೇದು’ ಎಂದು ಮುಂದೆ ನಡೆದೆ. ಹೀಗೆ ಆರು ಅಂಗಡಿಯವರ ಮುಖ ಸಪ್ಪಗೆ ಮಾಡಿ ಏಳನೆಯದನ್ನು ಹೊಕ್ಕರೆ, ಮೆಣಸಿನಕಾಯಿ ಬಾಷಾಸಾಬರು ದಿಂಬಿಗೊರಗಿ ಗೊರಕೆ ಹೊಡೆಯುತ್ತಿದ್ದರು. ಭುಜ ಅಲುಗಾಡಿಸಿ ಎಬ್ಬಿಸಿದೆ.

‘ನೀವು ಮಧ್ಯಾಹ್ನ ನಿದ್ದೆ ಮಾಡ್ತೀರಾ?’

‘ಮಾಡ್ತಿದ್ದೆ’ ಎಂದರು.

ನಂತರ ಫಾರಂ ನೋಡಿ, ‘ಸರ್ಕಾರಕ್ಕೆ ಇದೆಲ್ಲ ಯಾಕ ಬೇಕ್ರಿ?’ ಎಂದು ಕೇಳಿದರು. ‘ನಿಮ್ಮ ಮಾಹಿತಿ ಗುಟ್ಟಾಗಿ ಇಡ್ತೀವಿ’ ಎಂದು ಧೈರ್ಯ ಹೇಳಿದೆ. ಅದರಿಂದಲೇ ಅವರ ಎದೆ ಧಸಕ್ಕೆಂದಿತು. ಅರ್ಧ ಗಂಟೆಯೊಳಗೆ, ಮಧ್ಯಾಹ್ನದ ನಿದ್ದೆಗೆ ತೆರಿಗೆ ಬರಲಿದೆ ಎಂಬ ಸುದ್ದಿ ನನಗಿಂತ ಮೊದಲು ಹದಿನಾಲ್ಕನೆಯ ಅಂಗಡಿ ತಲುಪಿ ಶಟರ್ ಎಳೆಸಿತ್ತು. ಇಪ್ಪತ್ತೊಂದನೆಯ ಅಂಗಡಿಯವರು ಮುಖಕ್ಕೆ ನೀರು ಚಿಮುಕಿಸಿಕೊಂಡು, ಕಣ್ಣು ಅಗಲಿಸಿ ಬೀದಿಯಲ್ಲೇ ನಿಂತಿದ್ದರು. ನಾನು ಬಿಟ್ಟುಬಂದ ಅಂಗಡಿಗಳಲ್ಲಿ ಇನ್ನೊಂದು ಸುದ್ದಿ ಎದ್ದಿತ್ತು. ಅದರ ಪ್ರಕಾರ ಸರ್ಕಾರ ಏನೋ ಯೋಜನೆ ಕೊಡುತ್ತಿದೆ, ಮೇಷ್ಟ್ರು ತಮಗೆ ಬೇಕಾದವರಿಗಷ್ಟೇ ಬರೆಸುತ್ತಿದ್ದಾರೆ.

ಮರುದಿನ ಬೆಳಿಗ್ಗೆ ಸರಸ್ವತಿ ನಗರದ ನಮ್ಮ ಮನೆ ಗೇಟಿನ ಮುಂದೆ ಸಾಲು. ಎಲ್ಲರ ಕೈಯಲ್ಲಿ ಆಧಾರ್ ಜೆರಾಕ್ಸ್. ಮುಂದೆ ಕೊಟ್ರಪ್ಪನವರು.

‘ಬಾಷಾಸಾಬ್ರದ್ದು ಎರಡು ತಾಸು ಬರ್ಕೊಂಡ್ರಂತೆ. ನಂದು ಮೂರು ಬರ್ಕೊಳ್ರಿ.’

‘ನಂದು ನಾಲ್ಕು’ ಎಂದರು ಹಿಂದಿನವರು.

ಹರಾಜು ಏರುತ್ತಾ ಹೋಯಿತು. ಕೊನೆಗೊಬ್ಬರು, ತಾವು ಅಂಗಡಿ ತೆರೆಯುವುದೇ ಮಲಗಲಿಕ್ಕೆ ಎಂದು ಬರೆದು ಸಹಿ ಹಾಕಿದರು. ಇಷ್ಟೊಂದು ಫಾರಂ ಭರ್ತಿಯಾದವಲ್ಲ ಎಂದು ನನಗೆ ಹಿಗ್ಗೋ ಹಿಗ್ಗು. ಗಿರಿಜಾ ಮೂರು ಸಲ ಚಹಾ ಮಾಡಿ, ಸುಮ್ಮನೆ ತಾನೂ ಒಂದು ಫಾರಂ ಎತ್ತಿಕೊಂಡು ಒಳಗೆ ಹೋದಳು.

ವರದಿ ಒಪ್ಪಿಸುವ ದಿನ ಬಂತು. ಪರಿಶೀಲನಾ ಸಮಿತಿಯ ಅಧ್ಯಕ್ಷೆ ಬೆಂಗಳೂರಿನಿಂದ ಬಂದ ಮೇಡಂ. ನನ್ನ ಸರಾಸರಿಯ ಪ್ರಕಾರ ಮಂಡಿಪೇಟೆಯ ವರ್ತಕ ಊಟವಾದ ಮೇಲೆ ಮಲಗಿದರೆ ರಾತ್ರಿ ಊಟಕ್ಕೇ ಏಳುತ್ತಿದ್ದ.

‘ಹಾಗಾದರೆ ಇವರು ಸಂಜೆ ವ್ಯಾಪಾರ ಯಾವಾಗ ಮಾಡ್ತಾರೆ?’

‘ಅದು ಎರಡನೇ ಹಂತದ ಸಂಶೋಧನೆ ಮೇಡಂ.’

ಮೇಡಂ ಪೆನ್ನಿನ ಕ್ಯಾಪ್ ಹಾಕಿದರು. ತಬಸ್ಸುಮ್ ಮುಖ ಬಿಳಿಚಿಕೊಂಡಿತು. ಆಗ ಮಾತ್ರ ನನಗೆ ನಿಜವಾಗಿ ನಾಚಿಕೆಯಾಯಿತು. ನನ್ನ ಪ್ರತಾಪಕ್ಕೆ ಆ ಹುಡುಗಿಯ ಓದನ್ನು ಬಲಿ ಕೊಟ್ಟಿದ್ದೆ.

ಅವಳು ಎದ್ದು ಹರಿಹರದ ಫೈಲ್ ಮುಂದಿಟ್ಟಳು. ‘ಸಾರ್ ಹೇಳಿದ ಹಂಗೆ ನಾನು ಮಾಡ್ಲಿಲ್ಲ ಮೇಡಂ, ತಪ್ಪಾಗಿದ್ರೆ ಬೈರಿ. ಎಲ್ಲಾ ಅಂಗಡಿ ಹೆಸರು ಚೀಟಿಯಾಗ ಬರೆದು ಬಿಂದಿಗೆಯಾಗ ಹಾಕಿ, ಎಲ್ಲರ ಮುಂದೆ ಬಜಾರಿನ ಹಿರಿಯರ ಕೈಲಿ ಎತ್ತಿಸಿದೆ. ಚೀಟಿಯಾಗ ಹೆಸರು ಬರ್ಲಿಲ್ಲ ಅಂದ್ರೆ ಯಾರಿಗೂ ಸಿಟ್ಟು ಬರಲ್ಲ. ಆಮ್ಯಾಕ ಬಜಾರಿನಾಗಿರೋ ಅಬ್ಬಾನ ಬೀಗದ ಅಂಗಡಿಯಾಗ ಕುಂತು, ಯಾರು ಎಷ್ಟೊತ್ತು ಮಲಗ್ತಾರೆ ಅಂತ ನಾನೇ ನೋಡಿ ಬರ್ಕೊಂಡೆ.’

ಅವಳ ಲೆಕ್ಕದಲ್ಲಿ ಯಾರಿಗೂ ಅರ್ಧ ತಾಸಿನ ಮೇಲೆ ನಿದ್ದೆ ಇರಲಿಲ್ಲ. ಗಿರಾಕಿ ಬಿಡುತ್ತಿರಲಿಲ್ಲ. ಮೇಡಂ ಪೂರ್ತಿ ಓದಿ, ಕ್ಯಾಪ್ ತೆಗೆದು, ಫೆಲೋಶಿಪ್ ಮುಂದುವರಿಸಿ ಎಂದು ಸಹಿ ಮಾಡಿದರು.

ಬಳಿಕ ನನ್ನ ಕಟ್ಟಿನಿಂದ ಒಂದೇ ಒಂದು ಹಾಳೆ ಎಳೆದು, ‘ನಿಮ್ಮದರಲ್ಲಿ ನಂಬುವ ಹಾಗಿರೋದು ಇದೊಂದೇ’ ಎಂದು ಕೈಗಿತ್ತರು. ಗಿರಿಜಾಳ ಅಕ್ಷರ. ವೃತ್ತಿ: ಪ್ರಾಧ್ಯಾಪಕರು. ನಿದ್ದೆ: ಎರಡರಿಂದ ನಾಲ್ಕು, ಎದೆ ಮೇಲೆ ಪುಸ್ತಕ. ಸಂಜೆಯ ಕೆಲಸದ ಮೇಲೆ ಪರಿಣಾಮ: ಸಂಜೆ ಏನೂ ಕೆಲಸವಿಲ್ಲ, ಆದ್ದರಿಂದ ಪರಿಣಾಮವೂ ಇಲ್ಲ.

ಸಮಿತಿ ಹೋಗುವಾಗ ಇನ್ನೊಂದು ಆದೇಶ ಬಿಟ್ಟುಹೋಯಿತು. ಇನ್ನು ಮುಂದೆ ಮಾರ್ಗದರ್ಶಕರಿಗೂ ತರಬೇತಿ ಕಡ್ಡಾಯ, ಕೊಡುವವಳು ತಬಸ್ಸುಮ್. ಮೊನ್ನೆ ಹೋಗಿ ಮೊದಲ ಬೆಂಚಿನಲ್ಲೇ ಕೂತಿದ್ದೆ. ಊಟ ಮುಗಿದ ಮೇಲಿನ ತರಗತಿ. ಚೀಟಿ ಎತ್ತಿಸುವ ಕ್ರಮವನ್ನು ಅವಳು ಬಹಳ ಚೆನ್ನಾಗಿ ಹೇಳಿಕೊಟ್ಟಳಂತೆ.